ಮಗಳ ಸೀಟಿಗೆ ದುಡ್ಡು ಹೊಂದಿಸಿದ್ದು

ಅಡಿಕೆ ಬೆಳೆಯುವವರ ಮನೆಯಲ್ಲಿ ದುಡ್ಡು ಬರುವ ತಿಂಗಳು ಬೇರೆ, ಕಾಲೇಜಿಗೆ ಫೀಸು ಕಟ್ಟುವ ತಿಂಗಳು ಬೇರೆ. ಕೊಯ್ಲು ಮುಗಿಸಿ, ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕುವ ಹೊತ್ತಿಗೆ ಸಂಕ್ರಾಂತಿ ದಾಟಿರುತ್ತದೆ. ಇಂಜಿನಿಯರಿಂಗ್ ಸೀಟು ಹಂಚುವುದು ಜುಲೈ, ಆಗಸ್ಟ್‌ನ ಜಡಿಮಳೆಯಲ್ಲಿ. ಆಗ ನಮ್ಮ ಕಡೆ ಕೈಯಲ್ಲಿರುವ ಕಾಸೆಲ್ಲ ಕೊಳೆರೋಗ ತಡೆಯುವ ಬೋರ್ಡೋ ಔಷಧಿ ಹೊಡೆಯುವವರ ಕೂಲಿಗೇ ಹೋಗುತ್ತದೆ. ಕೊಳೆ ಬಂದರಂತೂ ಕೇಳುವುದೇ ಬೇಡ.

ಸಾಗರದ ಹತ್ತಿರದ ಹಳ್ಳಿ ನಮ್ಮದು. ಒಂದೂಕಾಲು ಎಕರೆ ತೋಟವನ್ನು ನಮ್ಮ ಯಜಮಾನರು ನೋಡಿಕೊಳ್ಳುತ್ತಾರೆ. ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮಗಳು 2025ರಲ್ಲಿ ಸಿಇಟಿ ಬರೆದಳು. ಮಗ ಇನ್ನೂ ಹೈಸ್ಕೂಲು. ಸಂಘದಲ್ಲಿ ದಿನಾ ಬೇರೆಯವರ ಸಾಲದ ಲೆಕ್ಕ ನೋಡುವವಳಾದ್ದರಿಂದ ನನಗೊಂದು ಹಟ ಇತ್ತು. ಸೀಟು ಸಿಕ್ಕ ಮೇಲೆ ದುಡ್ಡು ಹುಡುಕುವುದು ಬೇಡ. ದುಡ್ಡಿನ ಮಾತು ಮೊದಲು ಮುಗಿಯಲಿ, ಅದೂ ಮಗಳ ಎದುರಿಗೇ. ನಮ್ಮ ಕಡೆ ಮಕ್ಕಳ ಎದುರು ಸಾಲದ ಮಾತು ಎತ್ತುವುದಿಲ್ಲ. ಅತ್ತೆಯಂತೂ, "ಓದೋ ಹುಡುಗಿ ತಲೆಗೆ ಇದನ್ನೆಲ್ಲ ಯಾಕೆ ತುಂಬ್ತೀಯೇ" ಅಂದರು. ಆದರೆ ಈ ಸಾಲದ ಕಾಗದದಲ್ಲಿ ಮೊದಲ ಸಹಿ ಅವಳದೇ ಅಲ್ವಾ? ಶಿಕ್ಷಣ ಸಾಲದಲ್ಲಿ ಸಾಲಗಾರರು ವಿದ್ಯಾರ್ಥಿ, ಅಪ್ಪ ಅಮ್ಮ ಜತೆ ಸಾಲಗಾರರು. ತೀರಿಸಬೇಕಾದವಳಿಗೆ ಮೊತ್ತ ಗೊತ್ತಿರಬಾರದು ಅಂದರೆ ಹೇಗೆ?

ಕಾಗದಪತ್ರದ ಕೆಲಸ ಪಿಯುಸಿ ಎರಡನೇ ವರ್ಷದ ದೀಪಾವಳಿ ರಜೆಯಲ್ಲೇ ಶುರು ಮಾಡಿದೆವು. ನಮ್ಮದು ಹಿಂದುಳಿದ ವರ್ಗದ 2ಎ. ನಾಡಕಚೇರಿಯಲ್ಲಿ ಕೊಡುವ ಜಾತಿ ಆದಾಯ ಪ್ರಮಾಣಪತ್ರದ ಮೇಲೆ ಒಂದು ಆರ್‌ಡಿ ನಂಬರ್ ಇರುತ್ತದೆ. ಸಿಇಟಿ ಅರ್ಜಿಯಲ್ಲಿ ಆ ನಂಬರ್ ಹಾಕಿದರೆ ಪರೀಕ್ಷಾ ಪ್ರಾಧಿಕಾರದವರು ಅಲ್ಲಿಂದಲೇ ತಾಳೆ ನೋಡುತ್ತಾರೆ. ಅರ್ಜಿಯಲ್ಲಿರುವ ಹೆಸರಿಗೂ ಪ್ರಮಾಣಪತ್ರದ ಹೆಸರಿಗೂ ಹೊಂದಬೇಕು. ಮಗಳ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದಿತ್ತು, ಆಧಾರ್‌ನಲ್ಲಿ ಮುಂದೆ. ಅದನ್ನು ಸರಿಮಾಡಿಸಿ, ಮತ್ತೆ ಪ್ರಮಾಣಪತ್ರ ತೆಗೆಸುವಷ್ಟರಲ್ಲಿ ತಿಂಗಳಾಯಿತು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ, ಕನ್ನಡ ಮಾಧ್ಯಮದಲ್ಲೇ ಓದಿದ್ದರಿಂದ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಎರಡೂ ಸಿಗುತ್ತಿತ್ತು. ಅದಕ್ಕೆ ಹೆಡ್‌ಮಾಸ್ಟರ್ ಸಹಿ, ಬಿಇಒ ಮೇಲುಸಹಿ. ಇಂಗ್ಲಿಷ್ ಮೀಡಿಯಂಗೆ ಹಾಕಲಿಲ್ಲ ಅಂತ ಹತ್ತು ವರ್ಷ ನಮ್ಮನ್ನು ಕೇಳಿದವರು ಬಹಳ ಜನ. ಸೀಟು ಹಂಚುವಾಗ ಈ ಎರಡು ಕಾಗದ ಎಷ್ಟು ಕೆಲಸಕ್ಕೆ ಬರುತ್ತವೆ ಅಂತ ಅವರಿಗೂ ಗೊತ್ತಿರಲಿಲ್ಲ.

ಆದಾಯದ ಅಂಕಿ ಮಾತ್ರ ಎಚ್ಚರದಿಂದ ನೋಡಬೇಕಾದದ್ದು. ತೋಟದ್ದು, ನನ್ನ ಸಂಬಳ ಸೇರಿ ಐದು ಲಕ್ಷದ ಮೇಲೆ ಬಂತು. ಆ ಒಂದು ಅಂಕಿಯ ಮೇಲೆ ಎಷ್ಟೋ ಬಾಗಿಲು ತೆರೆಯುತ್ತವೆ, ಮುಚ್ಚುತ್ತವೆ. 8 ಲಕ್ಷದ ಒಳಗಿದ್ದರೆ ಎಸ್‌ಎನ್‌ಕ್ಯೂ ಕೇಳಬಹುದು. ಅಂದರೆ ಕಾಲೇಜಿನ ಸೀಟುಗಳ ಮೇಲೆ ಶೇ. 5ರಷ್ಟು ಹೆಚ್ಚುವರಿ ಸೀಟು, ಅದಕ್ಕೆ ಬೋಧನಾ ಶುಲ್ಕ ಇಲ್ಲ. 4.5 ಲಕ್ಷದ ಒಳಗಿದ್ದು ತಾಂತ್ರಿಕ ಕೋರ್ಸ್ ಓದಿದರೆ, ಓದು ಮುಗಿದು ಒಂದು ವರ್ಷದವರೆಗಿನ ಸಾಲದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ ಇದೆ. ನಾವು ಅದರಿಂದ ಸ್ವಲ್ಪದರಲ್ಲಿ ಹೊರಗುಳಿದೆವು. "ಒಂದಿಷ್ಟು ಕಮ್ಮಿ ಬರೆಸಿಕೊಳ್ಳಿ, ಯಾರು ನೋಡ್ತಾರೆ" ಅಂದವರೂ ಇದ್ದರು. ಬ್ಯಾಂಕಿಗೆ ನನ್ನ ಸಂಬಳದ ಚೀಟಿ ಕೊಡಲೇಬೇಕು. ಎರಡು ಕಡೆ ಎರಡು ಅಂಕಿ ತೋರಿಸುವ ಧೈರ್ಯ ಲೆಕ್ಕ ಬರೆಯುವವಳಿಗೆ ಬರುವುದಿಲ್ಲ.

ಮೇ ಕೊನೆಗೆ ರಿಸಲ್ಟ್ ಬಂತು. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಮೂರು ವಿಷಯಗಳ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಇಪ್ಪತ್ತು ಸಾವಿರ ದಾಟಿದ ರ‍್ಯಾಂಕ್ ಬಂತು. ಕೆಟ್ಟದ್ದಲ್ಲ, ಬೀಗುವಂಥದ್ದೂ ಅಲ್ಲ. ಹಿಂದಿನ ವರ್ಷ ಯಾವ ಕಾಲೇಜಿನ ಯಾವ ಬ್ರಾಂಚ್ ಎಷ್ಟಕ್ಕೆ ನಿಂತಿತು ಅನ್ನುವ ಪಟ್ಟಿ ಪ್ರಾಧಿಕಾರದ ವೆಬ್‌ಸೈಟಿನಲ್ಲೇ ಸಿಗುತ್ತದೆ. 2ಎ ಗ್ರಾಮೀಣದ ಕಾಲಂ ಹಿಡಿದು ಮಗಳು ಗುರುತು ಹಾಕುತ್ತಾ ಹೋದಳು.

ಅಷ್ಟರಲ್ಲಿ ಬೆಂಗಳೂರಿನಿಂದ ಭಾವ ಫೋನ್ ಮಾಡಿದರು. "ಕಾಮೆಡ್‌ಕೆಯಲ್ಲಿ ಇಲ್ಲೇ ಒಳ್ಳೆ ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುತ್ತೆ, ಫೀಸು ವರ್ಷಕ್ಕೆ ಎರಡೂವರೆ ಲಕ್ಷ ಅಷ್ಟೇ. ಲೋನ್ ಮಾಡಿ. ಕೆಲಸ ಸಿಕ್ಕ ಮೇಲೆ ಅವಳೇ ತೀರಿಸ್ತಾಳೆ" ಅಂದರು. ಕಾಮೆಡ್‌ಕೆ ಅಂದರೆ ಖಾಸಗಿ ಕಾಲೇಜುಗಳು ತಮ್ಮ ಪಾಲಿನ ಸೀಟಿಗೆ ಬೇರೆಯಾಗಿ ನಡೆಸುವ ಪ್ರವೇಶ ಪರೀಕ್ಷೆ. ಭಾವ ಕೆಟ್ಟದ್ದು ಬಯಸುವವರಲ್ಲ. ಆದರೆ "ಅವಳೇ ತೀರಿಸ್ತಾಳೆ" ಅನ್ನುವುದು ಎಷ್ಟು ಅಂತ ಯಾರೂ ಲೆಕ್ಕ ಹಾಕಿರಲಿಲ್ಲ.

ಆ ರಾತ್ರಿ ಊಟ ಆದ ಮೇಲೆ ಕುಳಿತೆವು. ಹಳೇ ಕ್ಯಾಲೆಂಡರಿನ ಹಿಂಬದಿಗೆ ಮಗಳ ಕೈಯಲ್ಲೇ ಬರೆಸಿದೆ. ಬಡ್ಡಿ ಶೇ. 9.5 ಅಂತ ಇಟ್ಟುಕೊಂಡೆವು. ವರ್ಷಕ್ಕೆ ಎರಡೂವರೆ ಲಕ್ಷದಂತೆ ನಾಲ್ಕು ವರ್ಷಕ್ಕೆ 10 ಲಕ್ಷ. ಓದುವಾಗ, ಮತ್ತೆ ಓದಾದ ಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ, ಸರಳ ಬಡ್ಡಿ ಓಡುತ್ತಲೇ ಇರುತ್ತದೆ. ಮೊದಲ ವರ್ಷ ತೆಗೆದ ದುಡ್ಡಿಗೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಒಟ್ಟು ಬಡ್ಡಿ 3 ಲಕ್ಷದ 32 ಸಾವಿರ. ಅಂದರೆ ಕಂತು ಶುರುವಾಗುವ ದಿನ ತಲೆ ಮೇಲೆ 13 ಲಕ್ಷದ 32 ಸಾವಿರ ಇರುತ್ತದೆ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ 17 ಸಾವಿರದ ಮೇಲೆ.

ಅದೇ ಲೆಕ್ಕ 4 ಲಕ್ಷದ ಸಾಲಕ್ಕೆ ಮಾಡಿದೆವು. ವರ್ಷಕ್ಕೆ ಒಂದು ಲಕ್ಷ. ಬಡ್ಡಿ 1 ಲಕ್ಷದ 33 ಸಾವಿರ. ತಿಂಗಳ ಕಂತು 6,900 ರೂಪಾಯಿ.

ಮಗಳು ಪೆನ್ನು ಕೆಳಗಿಟ್ಟು, "ಕೆಲಸಕ್ಕೆ ಸೇರಿದಾಗ ಎಷ್ಟು ಕೊಡ್ತಾರಮ್ಮಾ?" ಅಂದಳು. ದೊಡ್ಡ ಐಟಿ ಕಂಪನಿಗಳು ಕ್ಯಾಂಪಸ್‌ನಿಂದ ರಾಶಿ ರಾಶಿಯಾಗಿ ತೆಗೆದುಕೊಳ್ಳುವ ಹೊಸಬರ ಸಂಬಳ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲಿ ನಿಂತು ಬಹಳ ಕಾಲವಾಯಿತು. ಕೈಗೆ ಬರುವುದು ಹೆಚ್ಚೆಂದರೆ ತಿಂಗಳಿಗೆ ಇಪ್ಪತ್ತೈದು, ಇಪ್ಪತ್ತಾರು ಸಾವಿರ. ಅದರಲ್ಲಿ 17 ಸಾವಿರ ಕಂತು ಹೋದರೆ ಬೆಂಗಳೂರಿನ ಪಿಜಿ ಬಾಡಿಗೆ ಎಲ್ಲಿಂದ? ಜಾಸ್ತಿ ಸಂಬಳದ ಕೆಲಸ ಸಿಗಬಹುದು, ಸಿಗಲಿ. ಆದರೆ ಸಾಲ ಮಾಡುವಾಗ ಸಾಧಾರಣ ಸಂಬಳಕ್ಕೆ ಲೆಕ್ಕ ಹಾಕಬೇಕು ಅನ್ನುವುದು ನನ್ನ ಪಕ್ಕಾ ಅಭಿಪ್ರಾಯ. ನಮ್ಮ ಸಂಘದಲ್ಲಿ ಕಂತು ತಪ್ಪಿಸುವವರಲ್ಲಿ ಸೋಮಾರಿಗಳು ಕಡಿಮೆ. ಒಳ್ಳೆಯ ವರ್ಷದ ದರ ನಂಬಿ ಸಾಲ ಎತ್ತಿದವರೇ ಹೆಚ್ಚು.

ಕಾಮೆಡ್‌ಕೆ ಮಾತು ಅಲ್ಲಿಗೆ ಮುಗಿಯಿತು. ಮುಗಿಸಿದವಳು ಮಗಳೇ.

ಬೇಕಾದ ಕಾಲೇಜುಗಳನ್ನು ಕ್ರಮವಾಗಿ ತುಂಬುವ ಆಪ್ಷನ್ ಎಂಟ್ರಿಗೆ ಮುಂಚೆ ಅವಳೇ ಒಂದು ಪಟ್ಟಿ ಮಾಡಿದಳು. ಕಾಲೇಜು, ಬ್ರಾಂಚ್, ಕಳೆದ ವರ್ಷದ ಕಟಾಫ್, ಕೊನೆಯಲ್ಲಿ ನಾಲ್ಕು ವರ್ಷದ ಒಟ್ಟು ಖರ್ಚು. ಬೆಂಗಳೂರಿನ ಯುವಿಸಿಇ ಮೇಲೆ ಇಟ್ಟಳು. ಸರ್ಕಾರಿ ಫೀಸು, ಆದರೆ ಅವಳ ರ‍್ಯಾಂಕಿಗೆ ಸಿಗುವುದು ಅನುಮಾನವೇ. ಆಮೇಲೆ ಮೈಸೂರು, ಹಾಸನ, ಶಿವಮೊಗ್ಗ, ದಾವಣಗೆರೆ. ಖಾಸಗಿ ಕಾಲೇಜಿನ ಸಿಇಟಿ ಸೀಟಿನ ಫೀಸು ಕಾಮೆಡ್‌ಕೆಗಿಂತ ಬಹಳ ಕಡಿಮೆ. ಅದರ ಮೇಲೆ ಕಾಲೇಜಿನವರು ಅದೂ ಇದೂ ಅಂತ ಕೇಳುವುದನ್ನೂ ಸೇರಿಸಿ ವರ್ಷಕ್ಕೆ ಒಂದು ಲಕ್ಷ ಇಟ್ಟೆವು. ಹಾಸ್ಟೆಲ್, ಊಟಕ್ಕೆ 90 ಸಾವಿರ. ಲ್ಯಾಪ್‌ಟಾಪ್, ಪುಸ್ತಕ, ಓಡಾಟ ನಾಲ್ಕು ವರ್ಷಕ್ಕೆ ಒಂದು ಲಕ್ಷ. ಒಟ್ಟು ಎಂಟೂವರೆ ಲಕ್ಷದ ಹತ್ತಿರ. ಸೀಟಿನ ಫೀಸು ಸಣ್ಣದು ಅಂತ ಖುಷಿಪಟ್ಟವರಿಗೆ ಹಾಸ್ಟೆಲ್ಲೇ ಹೆಚ್ಚುಕಡಿಮೆ ಇನ್ನೊಂದು ಫೀಸು ಅನ್ನುವುದು ಆಮೇಲೆ ತಿಳಿಯುತ್ತದೆ. ಮೈಸೂರು ಮೇಲೆ ಬಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ತಾಳಗುಪ್ಪ ಮೈಸೂರು ರೈಲು ಸಾಗರದಲ್ಲೇ ಹತ್ತಿಸಿಕೊಂಡು ಹೋಗುತ್ತದೆ. ಬಸ್ಸು ಬದಲಾಯಿಸುವ ರಗಳೆ ಇಲ್ಲ.

ಎಂಟೂವರೆ ಲಕ್ಷಕ್ಕೆ ದಾರಿ ಹೇಗೆ? ಇಲ್ಲಿ ಹತ್ತು ವರ್ಷದೊಳಗಿನ ಹೆಣ್ಣುಮಕ್ಕಳ ಹೆಸರಲ್ಲಿ ತೆರೆಯುವ ಸುಕನ್ಯಾ ಸಮೃದ್ಧಿ ಉಳಿತಾಯ ಖಾತೆ ಕೈ ಹಿಡಿಯಿತು. 2015ರ ಜನವರಿಯಲ್ಲಿ ಆ ಯೋಜನೆ ಶುರುವಾದಾಗ ಮಗಳಿಗೆ ಹತ್ತು ತುಂಬಿರಲಿಲ್ಲ. ಪೋಸ್ಟಾಫೀಸಿನಲ್ಲಿ ಖಾತೆ ಮಾಡಿಸಿ ತಿಂಗಳಿಗೆ ಒಂದು ಸಾವಿರ ಹಾಕುತ್ತಾ ಬಂದಿದ್ದೆ. ಬಡ್ಡಿ ಮೊದಲು ಶೇ. 9ರ ಮೇಲಿತ್ತು, ನಡುವೆ 7.6ಕ್ಕೆ ಇಳಿಯಿತು, 2024ರಿಂದ 8.2. ಪಾಸ್‌ಬುಕ್‌ನಲ್ಲಿ 1 ಲಕ್ಷದ 80 ಸಾವಿರದಷ್ಟಾಗಿತ್ತು. ಹುಡುಗಿಗೆ ಹದಿನೆಂಟು ತುಂಬಿದರೆ, ಇಲ್ಲವೇ ಹತ್ತನೇ ತರಗತಿ ಪಾಸಾದರೆ, ಓದಿನ ಖರ್ಚಿಗೆ ಹಿಂದಿನ ಮಾರ್ಚ್ ಕೊನೆಗೆ ಇದ್ದ ಮೊತ್ತದ ಅರ್ಧ ತೆಗೆಯಬಹುದು. ಒಟ್ಟಿಗೇ ಬೇಕಾದರೂ ತೆಗೆಯಬಹುದು, ವರ್ಷಕ್ಕೊಂದು ಸಲದಂತೆ ಐದು ವರ್ಷ ಕಂತಿನಲ್ಲೂ ತೆಗೆಯಬಹುದು. ಕಾಲೇಜು ಕೇಳಿದ ಫೀಸಿಗಿಂತ ಜಾಸ್ತಿ ಮಾತ್ರ ಕೊಡುವುದಿಲ್ಲ.

ಇವರಿಗೆ ಆ ದುಡ್ಡು ಮುಟ್ಟಲು ಮನಸ್ಸಿರಲಿಲ್ಲ. "ಸಾಲ ಹೇಗಿದ್ರೂ ಮಾಡ್ತೀವಲ್ಲ, ಇದು ಕೊನೇ ವರ್ಷಕ್ಕೆ ಇರಲಿ" ಅಂದರು. ಕೇಳಲು ಸರಿ ಅನ್ನಿಸುತ್ತದೆ. ಆದರೆ ಕ್ಯಾಲೆಂಡರಿನ ಹಿಂದಿನ ಲೆಕ್ಕ ಬೇರೆ ಹೇಳುತ್ತಿತ್ತು. ಮೊದಲ ವರ್ಷ ಒಂದು ಲಕ್ಷ ಸಾಲ ತೆಗೆದರೆ ಕಂತು ಶುರುವಾಗುವ ಮೊದಲೇ ಅದಕ್ಕೆ 47,500 ರೂಪಾಯಿ ಬಡ್ಡಿ ಬಿದ್ದಿರುತ್ತದೆ. ಅದೇ ಲಕ್ಷ ಕೊನೆಯ ವರ್ಷ ತೆಗೆದರೆ 19,000. ಉಳಿತಾಯಕ್ಕೆ ಸಿಗುವುದು 8.2, ಸಾಲಕ್ಕೆ ಕೊಡುವುದು 9.5. ಹಾಗಾಗಿ ಕೈಯಲ್ಲಿರುವುದು ಮೊದಲು, ಸಾಲ ಆಮೇಲೆ ಅಂತ ತೀರ್ಮಾನವಾಯಿತು. ಹಾಸ್ಟೆಲ್ ಖರ್ಚು ತೋಟದಿಂದ, ನನ್ನ ಸಂಬಳದಿಂದ. ಫೀಸಿಗೆ ಸಾಲ ಎರಡನೇ ವರ್ಷದಿಂದ ಮಾತ್ರ.

ಅತ್ತೆ ಬಳೆ ಬಿಚ್ಚಿಕೊಡಲು ಬಂದರು. ಬಂಗಾರದ ಸಾಲದ ವಿಷಯ ನನಗೆ ಚೆನ್ನಾಗಿ ಗೊತ್ತು. ವಾರ, ತಿಂಗಳ ಅಡಚಣೆಗೆ ಅದರಷ್ಟು ಸುಲಭದ್ದಿಲ್ಲ. ನಾಲ್ಕು ವರ್ಷದ ಓದಿಗೆ ಅದು ಬೇಡ. ವರ್ಷಕ್ಕೊಮ್ಮೆ ಬಡ್ಡಿ ಕಟ್ಟಿ ತಿರುಗಿಸಿಡುತ್ತಾ ಹೋಗಿ, ಒಂದು ವರ್ಷ ಕೈ ಕಟ್ಟಿದರೆ ಹರಾಜಿನ ನೋಟಿಸು ಬರುತ್ತದೆ. ಅಂಥ ನೋಟಿಸು ಬರೆಯುವ ಕೆಲಸವೂ ನನ್ನದೇ.

ಮೊದಲ ಸುತ್ತಿನಲ್ಲಿ ಮೈಸೂರಿನ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಬಂತು. ಎಸ್‌ಎನ್‌ಕ್ಯೂ ಸಿಗಲಿಲ್ಲ, ಅದರ ಕಟಾಫ್ ಇನ್ನೂ ಮೇಲಿತ್ತು. ಮುಂದೆ ಚಾಯ್ಸ್ ಆರಿಸಬೇಕು. ಸೀಟು ಒಪ್ಪಿ ಸೇರುವುದಾದರೆ ಒಂದು. ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಹೋಗುವುದಾದರೆ ಎರಡು. ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ ಅಂದರೆ ಮೂರು. ಪೂರ್ತಿ ಹೊರಬರುವುದಾದರೆ ನಾಲ್ಕು. ಒಂದು, ಎರಡಕ್ಕೆ ಫೀಸು ಕಟ್ಟಬೇಕು, ಅದೂ ಕೆಲವೇ ದಿನದಲ್ಲಿ. ಮಗಳು ಒಂದನ್ನೇ ಒತ್ತಿದಳು.

ಗಂಟು ಬೀಳುವುದು ಇಲ್ಲೇ. ಬ್ಯಾಂಕಿಗೆ ಸಾಲ ಕೇಳಲು ಹೋದರೆ ಅಡ್ಮಿಷನ್ ಪತ್ರ ತನ್ನಿ ಅನ್ನುತ್ತಾರೆ. ಪೋಸ್ಟಾಫೀಸಿನಲ್ಲಿ ಫೀಸಿನ ಚೀಟಿ ಕೇಳುತ್ತಾರೆ. ಫೀಸು ಕಟ್ಟದೆ ಅಡ್ಮಿಷನ್ ಇಲ್ಲ. ಬ್ಯಾಂಕಿನವರು ಬೇಗ ಮಾಡಿಕೊಡುತ್ತಾರೆ ಅಂತ ನಂಬಿ ಕುಳಿತು ಕೊನೇ ದಿನ ಕೈಸಾಲಕ್ಕೆ ಓಡಿದವರನ್ನು ನೋಡಿದ್ದೇನೆ. ಅದಕ್ಕೇ ಆ ಸಲ ಅಡಿಕೆ ಪೂರ್ತಿ ಮಾರಿರಲಿಲ್ಲ. ಒಂದಷ್ಟು ಮೂಟೆ ರಾಶಿ ಇಡಿ (ಕೆಂಪಡಿಕೆಯ ಒಂದು ದರ್ಜೆ) ಮಂಡಿಯಲ್ಲೇ ಬಿಟ್ಟಿದ್ದೆವು. ಜುಲೈ ಕೊನೆಗೆ ಅದನ್ನು ಮಾರಿ ದುಡ್ಡು ಖಾತೆಗೆ ಹಾಕಿಟ್ಟಿದ್ದರಿಂದ ಫೀಸು ಮೊಬೈಲಿನಲ್ಲೇ ಕಟ್ಟಿ ಮುಗಿಯಿತು.

ಆಮೇಲೆ ಆ ದುಡ್ಡು ವಾಪಸು ತುಂಬಿಸಿಕೊಳ್ಳಲು ಪೋಸ್ಟಾಫೀಸಿಗೆ ಹೋದೆವು. ಹದಿನೆಂಟಾದ ಮೇಲೆ ಸುಕನ್ಯಾ ಖಾತೆ ನಡೆಸುವವಳು ಹುಡುಗಿಯೇ, ನನ್ನ ಸಹಿ ನಡೆಯುವುದಿಲ್ಲ. ಅವಳ ಆಧಾರ್, ಪ್ಯಾನ್, ಫೋಟೋ, ಮಾದರಿ ಸಹಿ ಎಲ್ಲ ಹೊಸದಾಗಿ ಕೊಡಬೇಕು. ಪ್ಯಾನ್ ಮಾಡಿಸಿಟ್ಟಿದ್ದು ಒಳ್ಳೆಯದಾಯಿತು. ಸಹಿ ಮಾತ್ರ ಅವಳಿಗೆ ಅಭ್ಯಾಸ ಇಲ್ಲ. ಮೂರು ಕಡೆ ಹಾಕಿದ್ದು ಮೂರು ತರ. ಕೌಂಟರಿನಲ್ಲಿದ್ದವರು ಕನ್ನಡಕ ಮೇಲೆತ್ತಿ ನೋಡಿ, "ಇಷ್ಟು ಉದ್ದ ಬಾಲ ಎಳೀಬೇಡಮ್ಮ, ನಾಳೆ ನಿಂಗೇ ನೆನಪಿರಲ್ಲ. ಸುಮ್ನೆ ಹೆಸರು ಬರಿ" ಅಂದರು. ಹೊಸ ಫಾರಂ ಕೊಟ್ಟು, ಪಕ್ಕದಲ್ಲಿ ಒಂದು ಖಾಲಿ ಹಾಳೆಯನ್ನೂ ಇಟ್ಟರು. ಅದರ ಮೇಲೆ ನಾಲ್ಕಾರು ಸಲ ಬರೆದು ಕೈ ಕೂರಿಸಿಕೊಂಡಳು. ಆ ಸಹಿಯೇ ಈಗ ಸಾಲದ ಕಾಗದದಲ್ಲೂ ಇದೆ. 90 ಸಾವಿರ ಅವಳ ಉಳಿತಾಯ ಖಾತೆಗೆ ಬಂತು.

ಬ್ಯಾಂಕಿನ ಕಥೆ ಸ್ವಲ್ಪ ಉದ್ದ. ಅರ್ಜಿ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಹಾಕಬೇಕು. ಅಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಎಲ್ಲ ಕಾಲೇಜಿಗೂ ಇಲ್ಲ. ರ‍್ಯಾಂಕಿಂಗ್ ನೋಡಿ ಆರಿಸಿದ ಸಂಸ್ಥೆಗಳ ಪಟ್ಟಿ ಇದೆ. ಆ ಪಟ್ಟಿಯ ಕಾಲೇಜಾದರೆ ಅಡಮಾನ ಇಲ್ಲ, ಜಾಮೀನುದಾರರೂ ಬೇಡ. ಆದಾಯ 8 ಲಕ್ಷದ ಒಳಗಿದ್ದು ಬೇರೆ ನೆರವು ಇಲ್ಲದಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ, ಕಂತು ಶುರುವಾಗುವ ತನಕ ಶೇ. 3 ಬಡ್ಡಿ ರಿಯಾಯಿತಿಗೆ ಅರ್ಜಿ ಹಾಕಬಹುದು. ನಮ್ಮ ಕಾಲೇಜು ಪಟ್ಟಿಯಲ್ಲಿರಲಿಲ್ಲ. ಹಾಗಾಗಿ ಮಾಮೂಲಿ ಶಿಕ್ಷಣ ಸಾಲ.

ಮೊದಲು ಹೋದ ಶಾಖೆಯಲ್ಲಿ ಮ್ಯಾನೇಜರ್ ಕುರ್ಚಿ ಕೊಟ್ಟು ಕೂರಿಸಿದರು, ಕಾಫಿಯನ್ನೂ ತರಿಸಿದರು. ಆಮೇಲೆ ತೋಟದ ಪಹಣಿ ಕೇಳಿದರು. 4 ಲಕ್ಷದ ಸಾಲಕ್ಕೆ ಪಹಣಿ ಯಾಕೆ ಸರ್ ಅಂದೆ. "ಸೇಫ್ಟಿಗೆ ಮೇಡಂ" ಅಂದರು. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಕೇಳುವ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಏಳೂವರೆ ಲಕ್ಷದವರೆಗೂ ಸಾಲಕ್ಕೆ ಸರ್ಕಾರದ ಖಾತರಿ ನಿಧಿ ಇದೆ. ಅದನ್ನು ಹೇಳಿದ ಮೇಲೆ ಮಾತು ಬದಲಾಯಿತು. ಮಗಳ ಹೆಸರಲ್ಲಿ ಒಂದು ಉಳಿತಾಯದ ಪಾಲಿಸಿ ಮಾಡಿಸಿ, ವರ್ಷಕ್ಕೆ 25 ಸಾವಿರ, ಫೈಲು ಬೇಗ ಹೋಗುತ್ತೆ ಅಂದರು. ಸಾಲದ ಮೊತ್ತಕ್ಕೆ ಸಣ್ಣ ಜೀವವಿಮೆ ಅಂದಿದ್ದರೆ ಯೋಚಿಸುತ್ತಿದ್ದೆ. ಫೀಸಿಗೆ ದುಡ್ಡಿಲ್ಲ ಅಂತ ಬಂದವಳಿಗೆ ವರ್ಷಕ್ಕೆ 25 ಸಾವಿರ ಕಟ್ಟು ಅನ್ನುವುದು ಯಾವ ನ್ಯಾಯ? "ಬರವಣಿಗೆಯಲ್ಲಿ ಕೊಡಿ ಸರ್" ಅಂದೆ. ಕೊಡಲಿಲ್ಲ.

ಇವರ ಬೆಳೆ ಸಾಲ ಇರುವ ಇನ್ನೊಂದು ಬ್ಯಾಂಕಿಗೆ ಹೋದೆವು. ಅಲ್ಲಿಯ ಸಾಲ ವಿಭಾಗದ ಮೇಡಂ ಮಗಳನ್ನೇ ಎದುರು ಕೂರಿಸಿಕೊಂಡರು. ಕೇಳಿದ್ದೆಲ್ಲ ಅವಳನ್ನೇ. ದುಡ್ಡು ನಿಮ್ಮ ಕೈಗೆ ಬರಲ್ಲ, ವರ್ಷ ವರ್ಷ ಕಾಲೇಜಿನ ಖಾತೆಗೆ ಹೋಗುತ್ತೆ, ತೆಗೆದಷ್ಟಕ್ಕೆ ಮಾತ್ರ ಬಡ್ಡಿ ಅಂತ ಬಿಡಿಸಿ ಹೇಳಿದರು. 4 ಲಕ್ಷದವರೆಗೆ ನಾವು ಕೈಯಿಂದ ಹಾಕಬೇಕಾದ ಪಾಲು, ಅಂದರೆ ಮಾರ್ಜಿನ್, ಇಲ್ಲ. ಬಡ್ಡಿ ಏರಿಳಿಯುವಂಥದ್ದು. ಆ ವರ್ಷ ಜೂನ್ ಹೊತ್ತಿಗೆ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, 6.5ರಿಂದ 5.5ಕ್ಕೆ ಇಳಿದಿತ್ತು. "ಇಳಿದದ್ದು ಏರಲೂಬಹುದು, ಅದನ್ನೂ ಲೆಕ್ಕದಲ್ಲಿಡಿ" ಅಂದರು. ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋದರೆ ಶೇ. 1 ರಿಯಾಯಿತಿ ಕೊಡುತ್ತೇವೆ ಅಂತಲೂ ಹೇಳಿದರು. ಸಾಲ ಕೇಳುವ ಮೊದಲು ಈ ಒಂದು ಪ್ರಶ್ನೆ ಎಲ್ಲ ಬ್ಯಾಂಕಿನಲ್ಲೂ ಕೇಳಬೇಕು. ಬಹಳ ಕಡೆ ಈ ರಿಯಾಯಿತಿ ಇರುತ್ತದೆ, ಆದರೆ ಕೇಳದೆ ಯಾರೂ ಬಾಯಿಬಿಡುವುದಿಲ್ಲ.

ತೆರಿಗೆ ಉಳಿಯುತ್ತದೆ ಅಂತ ಶಿಕ್ಷಣ ಸಾಲ ಮಾಡಿ ಅನ್ನುವವರಿಗೆ ಒಂದು ಮಾತು. ಬಡ್ಡಿಗೆ ಸಿಗುವ ತೆರಿಗೆ ವಿನಾಯಿತಿ ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬರುವುದಿಲ್ಲ. ಮೂರೂವರೆ ಲಕ್ಷದ ಸಂಬಳದ ಹುಡುಗಿ ಯಾವ ತೆರಿಗೆ ಉಳಿಸಬೇಕು?

ಮಂಜೂರಾತಿ ಪತ್ರ ಬಂದಾಗ ಮಗಳು ಮೈಸೂರಿನಲ್ಲಿದ್ದಳು. ಫೋಟೋ ತೆಗೆದು ಕಳಿಸಿದೆ, ಪೂರ್ತಿ ಓದಿ ಫೋನ್ ಮಾಡು ಅಂದೆ. ರಾತ್ರಿ ಮಾಡಿದಳು. ವಿಷಯ ಫೇಲಾದರೆ ಬ್ಯಾಂಕು ಮುಂದಿನ ವರ್ಷದ ಸಾಲದ ಹಣ ತಡೆಯಬಹುದು ಅನ್ನುವ ಸಾಲು ಅವಳ ಕಣ್ಣಿಗೆ ಬಿದ್ದಿತ್ತು. ಕಂತು ಎಷ್ಟು ವರ್ಷ ಅನ್ನುವ ಕಡೆ ಹದಿನೈದು ಅಂತ ಇತ್ತು. "ಹತ್ತಕ್ಕೆ ಇಳಿಸೋಣ ಅಮ್ಮ, ಕಂತು ಗೊತ್ತಲ್ಲ" ಅಂದಳು. ಬ್ಯಾಂಕಿನ ಮೇಡಂ ಅದು ಗರಿಷ್ಠ, ಬೇಗ ಕಟ್ಟಿದರೆ ದಂಡ ಇಲ್ಲ ಅಂದರು. ಹದಿನೈದೇ ಇರಲಿ ಅಂತ ಬಿಟ್ಟೆವು. ಕೆಲಸ ಸಿಗುವುದು ತಡವಾದರೆ ಸಣ್ಣ ಕಂತು ಕೈ ಕಾಯುತ್ತದೆ, ಬೇಗ ಸಿಕ್ಕರೆ ಜಾಸ್ತಿ ಕಟ್ಟಿ ಮುಗಿಸಬಹುದು.

ಮೊದಲ ವರ್ಷ ಸಾಲದಿಂದ ತೆಗೆದದ್ದು ಲ್ಯಾಪ್‌ಟಾಪಿಗೆ ಮಾತ್ರ, 50 ಸಾವಿರ. ಅದರ ಬಡ್ಡಿ ತಿಂಗಳಿಗೆ ನಾನೂರು ರೂಪಾಯಿಯ ಒಳಗೆ, ನನ್ನ ಸಂಬಳದ ಖಾತೆಯಿಂದ ಹೋಗುತ್ತದೆ. ಎರಡನೇ ವರ್ಷದ ಸಾಲದ ಹಣ ಬಿಡಲು ಬ್ಯಾಂಕ್ ಕೇಳುವುದು ಹಿಂದಿನ ಸೆಮಿಸ್ಟರ್‌ಗಳ ಅಂಕಪಟ್ಟಿ, ಕಾಲೇಜಿನ ಫೀಸು ಬೇಡಿಕೆ ಪತ್ರ, ಕಟ್ಟಿದ ಮೇಲೆ ರಸೀದಿ. ಬೇಡಿಕೆ ಪತ್ರ ಕೊಡಲು ಕಾಲೇಜಿನ ಕಚೇರಿಯಲ್ಲಿ ವಾರ ಹಿಡಿಯುತ್ತದಂತೆ, ಹಾಗಾಗಿ ಜೂನ್‌ನಲ್ಲೇ ಅರ್ಜಿ ಕೊಡು ಅಂತ ಹೇಳಿಟ್ಟಿದ್ದೇನೆ. ಮಂಡಿಯಲ್ಲಿ ಈ ಸಲವೂ ಎರಡು ಮೂಟೆ ಬಿಟ್ಟಿದ್ದೇವೆ.